ಕೆರೆ ಜೀಪಿನ ಮೂರನೇ ಕ್ಲಚ್ಚು

ಆ ಜೀಪು ಮೂರನೇ ಸಲ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಚನ್ನಗಿರಿಯ ನನ್ನ ಶೆಡ್ಡಿಗೆ ಬಂದಾಗ ನಾನು ಬೇರೊಂದು ಗಾಡಿಯ ಬ್ರೇಕ್ ಡ್ರಮ್ ಬಿಚ್ಚುತ್ತಿದ್ದೆ. ತಲೆ ಎತ್ತುವ ಮೊದಲೇ ವಾಸನೆ ಬಂತು. ಸುಟ್ಟ ಕ್ಲಚ್ ಪ್ಲೇಟಿನ ವಾಸನೆ ಮೂವತ್ತು ವರ್ಷದಿಂದ ಕುಡಿದ ಮೂಗು ನನ್ನದು, ಅದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕೆ ಬಿಸಾಕಿ ಎದ್ದೆ.

"ಮತ್ತೆ ಸುಟ್ಕೊಂಡು ಬಂದ್ಯೇನಮ್ಮಾ?"

ಸ್ಟೇರಿಂಗ್ ಹಿಂದಿನಿಂದ ಇಳಿದ ಹೆಂಗಸು ಹಗ್ಗ ಬಿಚ್ಚಿದಳು, ಸುತ್ತಿದಳು, ಟ್ರ್ಯಾಕ್ಟರಿನವನ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಸುಟ್ಟೈತೆ ಮೇಸ್ತ್ರಿ. ನಾನು ಸುಟ್ಟಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಕಾರಣ ಹೇಳುತ್ತೇನೆ. ಸೂಳೆಕೆರೆಯ ದಂಡೆಯ ಊರೊಂದರಲ್ಲಿ ಮೀನು ಹಿಡಿಯುವ ಹದಿಮೂರು ಮನೆಯವರು ಕೂಡಿ ಕೊಂಡ ಗಾಡಿ ಅದು. ಬೇಸಿಗೆಯಲ್ಲಿ ಕೆರೆ ಹಿಂದಕ್ಕೆ ಸರಿದಾಗ ನೀರಿಗೂ ರಸ್ತೆಗೂ ನಡುವೆ ಮೊಣಕಾಲುದ್ದ ಕರಿ ಕೆಸರು ಬೀಳುತ್ತದೆ. ಜೀಪು ಆ ಕೆಸರಿನಲ್ಲಿ ನೀರಿನ ಅಂಚಿನವರೆಗೂ ಇಳಿದು, ಐಸ್ ತುಂಬಿದ ಮೀನಿನ ಕ್ರೇಟುಗಳನ್ನು ಹೇರಿಕೊಂಡು ಮೇಲೆ ಬಂದು, ಅದೇ ಚಕ್ರದಲ್ಲಿ ಪೇಟೆ ಮುಟ್ಟಬೇಕು. ಟ್ರ್ಯಾಕ್ಟರ್ ಕೆಸರು ದಾಟುತ್ತದೆ, ಪೇಟೆ ಮುಟ್ಟುವಷ್ಟರಲ್ಲಿ ಐಸ್ ನೀರಾಗಿರುತ್ತದೆ. ಪಿಕಪ್ ಪೇಟೆ ಮುಟ್ಟುತ್ತದೆ, ಕೆಸರಿಗೆ ಇಳಿದರೆ ಅಲ್ಲೇ ಕೂರುತ್ತದೆ. ಅದಕ್ಕೇ ಆ ಹಳೆಯ ಫೋರ್ ವೀಲ್ ಜೀಪು. ಈ ಹೆಂಗಸು ಆ ಹದಿಮೂರು ಮನೆಗಳಲ್ಲಿ ಒಂದು ಮನೆಯವಳು. ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಗೊತ್ತಿದ್ದವಳು, ಲೈಸೆನ್ಸ್ ಮಾಡಿಸಿಕೊಂಡಿದ್ದಳು, ಹಾಗಾಗಿ ಸ್ಟೇರಿಂಗು ಆಕೆಯ ಕೈಗೆ ಬಂದಿತ್ತು.

ಮೊದಲ ಸಲ ನಾನು ಹಾಕಿದ ಪ್ಲೇಟು ಮೂರು ತಿಂಗಳು ಬಂತು. ಎರಡನೆಯದು ಆರು ವಾರ. ನನ್ನ ಕೈಯಲ್ಲಿ ಕ್ಲಚ್ ಮಾಡಿಸಿಕೊಂಡ ಗಾಡಿ ಮೂರು ನಾಲ್ಕು ವರ್ಷ ಈ ಕಡೆ ತಲೆ ಹಾಕುವುದಿಲ್ಲ, ಅದು ನನ್ನ ಹೆಮ್ಮೆ. ಅದೂ ಅಲ್ಲದೆ ಈ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದ್ದು ನಾನೇ. ಎಂಟು ವರ್ಷದ ಹಿಂದೆ ಇದು ನಲ್ಲೂರಿನ ಒಬ್ಬ ಕಂಟ್ರಾಕ್ಟರರ ಗಾಡಿಯಾಗಿತ್ತು. ಪೆಟ್ರೋಲ್ ಇಂಜಿನ್ ಇಳಿಸಿ, ಪಿಕಪ್ಪಿನ ಡೀಸೆಲ್ ಇಂಜಿನ್ ಏರಿಸಿ, ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕವಚ, ಬೆಲ್ ಹೌಸಿಂಗನ್ನು ನಾನೇ ನಿಂತು ಲೇತ್‌ನಲ್ಲಿ ಹೊಂದಿಸಿದ್ದೆ. ನಾನೇ ಕೂರಿಸಿದ ಇಂಜಿನ್ನಿಗೆ ನಾನೇ ಆರಿಸಿದ ಕ್ಲಚ್ಚು ಆರು ವಾರದಲ್ಲಿ ಕರಕಲಾಗುತ್ತದೆ ಎಂದರೆ ತಪ್ಪು ಇನ್ನೆಲ್ಲಿಂದ ಬರಬೇಕು? ಪೆಡಲ್ ಮೇಲಿನ ಕಾಲಿನಿಂದ. ಎರಡನೇ ಸಲವೇ ನಾನು ಗಂಟಲು ಹರಿಯುವಂತೆ ಹೇಳಿದ್ದೆ: ಪೆಡಲ್ ಅರ್ಧ ಒತ್ತಿಕೊಂಡು ಹಾಫ್ ಕ್ಲಚ್ಚಿನಲ್ಲಿ ಓಡಿಸಬೇಡ, ಪೆಡಲ್ ಏನು ಕಾಲು ಚಾಚಿ ಕೂರುವ ಕಟ್ಟೆಯಲ್ಲ ಅಂತ.

ಮಾರನೇ ದಿನ ಬೆಳಿಗ್ಗೆ ಆ ಮೀನಿನವರ ಗುಂಪಿನ ಯಜಮಾನರು ಬಂದರು. ಹದಿಮೂರು ಮನೆಗಳಿಗೂ ಹಿರಿಯರು, ಮೀನಿನ ಮಾತು, ಗಾಡಿಯ ಮಾತು ಎಲ್ಲ ಅವರ ಬಾಯಲ್ಲೇ ತೀರ್ಮಾನವಾಗಬೇಕು. ಹೆಂಗಸೂ ಜೊತೆಗಿದ್ದಳು, ಎರಡು ಹೆಜ್ಜೆ ಹಿಂದೆ.

"ಏನ್ರಿ ಮೇಸ್ತ್ರಿ, ಏನು ಹೇಳ್ತೈತೆ ಗಾಡಿ?"

"ಗಾಡಿ ಏನೂ ಹೇಳಲ್ಲ ಯಜಮಾನ್ರೆ. ಡ್ರೈವರ್ ಹೇಳಬೇಕು. ಕಾಲು ತೆಗೆಯಾಕೆ ಬರಲ್ಲ ಅಂದ್ರೆ ಬಂಗಾರದ ಪ್ಲೇಟ್ ಹಾಕಿದ್ರೂ ಸುಡ್ತೈತೆ."

ಯಜಮಾನರು ಈ ಮಾತಿಗೇ ಕಾಯುತ್ತಿದ್ದವರಂತೆ ತಲೆ ಆಡಿಸಿದರು. "ಆತು ಬಿಡ್ರಿ. ಈ ಸಲ ರೆಡಿ ಆದ್ಮ್ಯಾಲೆ ನಮ್ಮ ತಂಗಿ ಮಗ ಓಡಸ್ತಾನೆ. ಮಳೆ ಹಿಡಿಯೋದ್ರೊಳಗೆ ದೊಡ್ಡ ಬಲೆ ಬಿಡಬೇಕು, ಇನ್ನೊಂದ್ಸಲ ನಿಂತ್ರೆ ನಮ್ಮ ಕೈಲಿ ಆಗಲ್ಲ."

ಹೆಂಗಸು ಯಜಮಾನರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಎರಡು ವರ್ಷ ಆತು ಮೇಸ್ತ್ರಿ, ತಲೆ ಮ್ಯಾಲಿನ ಬುಟ್ಟಿ ಇಳಿಸಿ. ಅದಕ್ಕೂ ಮುಂಚೆ ಹನ್ನೆರಡು ವರ್ಷ ಊರೂರು ಮೀನು ಹೊತ್ತು ಮಾರೀನಿ. ಕುತ್ತಿಗೆ ಇನ್ನೂ ಸರಿ ಹೋಗಿಲ್ಲ. ನಿಮ್ಮ ಒಂದು ಮಾತಿಗೆ ನನ್ನ ಮತ್ತೆ ಬುಟ್ಟಿಗೆ ಕಳಿಸ್ತಾರೆ. ಸರಿಯಾಗಿ ನೋಡಿ ಹೇಳ್ರಿ."

"ನೋಡೇ ಹೇಳಿದ್ದು," ಅಂದೆ. ನೋಡಿರಲಿಲ್ಲ. ಗೇರ್ ಬಾಕ್ಸ್ ಇನ್ನೂ ಇಳಿಸಿರಲೇ ಇಲ್ಲ.

ಇಳಿಸಿದ್ದು ಅವರು ಹೋದ ಮೇಲೆ, ಸಿಟ್ಟಿನ ಕೈಯಲ್ಲಿ. ಮೂರನೇ ಸಲಕ್ಕೆ ಆ ಬೋಲ್ಟುಗಳು ನನ್ನ ಬೆರಳಿಗೆ ಪಾಠವಾಗಿದ್ದವು. ಪ್ಲೇಟು ಹೊರಗೆ ಬಂದಾಗ ಅಂಚೆಲ್ಲ ಇದ್ದಿಲಿನಂತೆ ಉದುರುತ್ತಿತ್ತು, ರಿವೆಟ್ಟಿನ ತಲೆ ಇಂಜಿನ್ನಿನ ಹಿಂದೆ ತಿರುಗುವ ಫ್ಲೈವೀಲಿಗೆ ಗೀರು ಹಾಕಿತ್ತು, ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಮೇಲೆ ನೀಲಿ ನೀಲಿ ಮಚ್ಚೆ. ಎಣ್ಣೆ ಸೋರಿ ಜಾರಿದ್ದಲ್ಲ, ಎಲ್ಲ ಒಣಗಿಯೇ ಇತ್ತು. ಬಿಸಿಗೇ ಸತ್ತಿತ್ತು. ಸರಿ, ನಾನು ಹೇಳಿದ್ದೇ ಸರಿ ಅಂದುಕೊಂಡು, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಕೈಗೆ ತೆಗೆದುಕೊಂಡೆ.

ಅಲ್ಲಿ ಸಿಕ್ಕಿಬಿದ್ದೆ.

ಪೆಡಲ್ ಮೇಲೆ ಕಾಲಿಟ್ಟೇ ಓಡಿಸುವವರ ಗಾಡಿಯಲ್ಲಿ ಪ್ಲೇಟಿಗಿಂತ ಮೊದಲು ಹಾಳಾಗುವುದು ಈ ಬೇರಿಂಗು. ಕಾಲಿನ ಭಾರಕ್ಕೆ ಅದು ಸದಾ ತಿರುಗುತ್ತಲೇ ಇರಬೇಕು, ಗರಗರ ಅನ್ನಬೇಕು, ಅದು ತಾಗುವ ಪ್ರೆಶರ್ ಪ್ಲೇಟಿನ ಬೆರಳುಗಳಲ್ಲಿ ಗುಳಿ ಬೀಳಬೇಕು. ನನ್ನ ಕೈಯಲ್ಲಿದ್ದ ಬೇರಿಂಗು ಅಂಗಡಿಯಿಂದ ತಂದ ದಿನದಂತೆ ಸದ್ದಿಲ್ಲದೆ ತಿರುಗಿತು. ಬೆರಳುಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಎರಡನೇ ಸಲ ಬಿಚ್ಚಿದಾಗಲೂ ಇದೇ ಬೇರಿಂಗನ್ನು ಒರೆಸಿ ಮತ್ತೆ ಹಾಕಿದ್ದೆ ಎಂಬುದು ಆಗ ನೆನಪಾಯಿತು. ಕೆಟ್ಟಿಲ್ಲ ಅಂತ ಖುಷಿಪಟ್ಟಿದ್ದೆನೇ ಹೊರತು, ಯಾಕೆ ಕೆಟ್ಟಿಲ್ಲ ಅಂತ ಕೇಳಿಕೊಂಡಿರಲಿಲ್ಲ. ಆದರೂ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಡ್ರೈವರ್ ತಪ್ಪಲ್ಲದಿದ್ದರೆ ಪ್ಲೇಟಿನದೇ ತಪ್ಪಿರಬೇಕು, ಮಾಲೇ ಕಳಪೆ ಇರಬೇಕು ಅಂತ ಸಿಟ್ಟನ್ನು ಅಂಗಡಿಯವರ ಕಡೆ ತಿರುಗಿಸಿದೆ. ಸರಿಯಾದ ಕ್ಲಚ್ ಹುಡುಕಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಇಂಥ ಗಾಡಿಗೆ ಕ್ಲಚ್ ಹುಡುಕುವುದು ಹೆಣ್ಣು ಹುಡುಕಿದ ಹಾಗೆ, ಎರಡು ಮನೆಗೂ ಒಪ್ಪಬೇಕು. ಪ್ಲೇಟಿನ ಅಗಲ ಇಂಜಿನ್ ಕಡೆಯ ಫ್ಲೈವೀಲಿಗೆ ಹೊಂದಬೇಕು, ನಡುವಿನ ಹಲ್ಲು ಗೇರ್ ಬಾಕ್ಸಿನ ಶಾಫ್ಟಿಗೆ ಕೂರಬೇಕು. ಆರ್‌ಸಿ ಪುಸ್ತಕದಲ್ಲಿ ಒಂದು ಹೆಸರು, ಬಾನೆಟ್ ಕೆಳಗಿನ ಇಂಜಿನ್ನಿಗೆ ಇನ್ನೊಂದು, ಅದರ ಹಿಂದಿನ ಗೇರ್ ಬಾಕ್ಸಿಗೆ ಮತ್ತೊಂದು. ಪುಸ್ತಕ ತೋರಿಸಿ ಕೇಳಿದರೆ ಅಂಗಡಿಯವನು ಕೊಡುವುದು ಆ ಗಾಡಿಯಲ್ಲಿ ಇಲ್ಲವೇ ಇಲ್ಲದ ಇಂಜಿನ್ನಿನ ಸಾಮಾನು. ಅದಕ್ಕೆ ನಾನು ಪುಸ್ತಕ ಮುಟ್ಟುವುದಿಲ್ಲ. ವರ್ನಿಯರ್ ಹಿಡಿದು ಅಳೆದೆ. ಒಂಬತ್ತು ಇಂಚು ಪ್ಲೇಟು, ಹತ್ತು ಹಲ್ಲು, ಕವರಿನ ಬೋಲ್ಟುಗಳ ದೂರ, ಬೆರಳಿನ ಎತ್ತರ, ಎಲ್ಲವನ್ನೂ ಸಿಗರೇಟ್ ಪ್ಯಾಕಿನ ರಟ್ಟಿನ ಮೇಲೆ ಬರೆದುಕೊಂಡು, ಸುಟ್ಟ ಪ್ಲೇಟನ್ನು ಗೋಣಿಚೀಲದಲ್ಲಿ ಸುತ್ತಿ ಹೊನ್ನಾಳಿ ಬಸ್ಸು ಹತ್ತಿದೆ.

ಹೊನ್ನಾಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಯವರು ನನಗೆ ಇಪ್ಪತ್ತು ವರ್ಷದ ಪರಿಚಯ. ಚೀಲ ಬಿಚ್ಚಿ ಕೌಂಟರ್ ಮೇಲೆ ಇಟ್ಟೆ. ಕರಿಪುಡಿ ಉದುರಿತು. ಅವರು ಮುಖ ಸಿಂಡರಿಸಿ ಒಂದು ಹಳೆಯ ಪೇಪರಿನಿಂದ ಒರೆಸಿದರು.

"ಏನು ಮಾರ್ತೀರಿ ನೀವು? ಆರು ವಾರ ಬರಲಿಲ್ಲ ಇದು," ಅಂದೆ.

"ಅದೇ ಬಾಕ್ಸಿನಾಗೆ ಬಂದ ಪ್ಲೇಟು ಇನ್ನು ನಾಲ್ಕು ಗಾಡಿಗೆ ಹೋಗೈತೆ ಮೇಸ್ತ್ರಿ. ಒಬ್ರೂ ವಾಪಸ್ ಬಂದಿಲ್ಲ. ನೀವೊಬ್ರೇ ಮೂರನೇ ಸಲ ಬಂದಿರೋದು."

"ಅಂದ್ರೆ ನನ್ನ ಕೆಲಸ ಸರಿ ಇಲ್ಲ ಅಂತಾನಾ?"

"ಹಂಗೆಲ್ಲಿ ಅಂದೆ? ಸಿಟ್ಟಾಗ್ಬ್ಯಾಡ್ರಿ. ಬಟನ್ ಪ್ಲೇಟ್ ಹಾಕ್ರಿ. ತಾಮ್ರದ ಬಿಲ್ಲೆ ಇರ್ತಾವೆ, ಸುಡೋ ಮಾತೇ ಇಲ್ಲ. ಮರಳು ಲಾರಿಯವರೆಲ್ಲ ಅದನ್ನೇ ಹಾಕ್ಸೋದು."

ಬಟನ್ ಪ್ಲೇಟಿನ ಗುಣ ನನಗೆ ಗೊತ್ತು. ಅದು ಜಾರುವುದಿಲ್ಲ, ಕಚ್ಚುತ್ತದೆ. ಪೆಡಲ್ ಬಿಟ್ಟ ಕ್ಷಣ ಗಾಡಿ ಒದ್ದಂತೆ ಮುಂದಕ್ಕೆ ಹಾರುತ್ತದೆ. ಲಾರಿಯ ದಪ್ಪ ಶಾಫ್ಟು ಅದನ್ನು ತಡೆಯಬಹುದು. ಈ ಜೀಪಿನ ಗೇರ್ ಬಾಕ್ಸು ಅರವತ್ತು ವರ್ಷದ ಹಿಂದಿನ ನಕ್ಷೆ. ಕೆಸರಿನಲ್ಲಿ ಕೂತ ಚಕ್ರ, ಮೇಲೆ ಹೇರು, ಹಿಂದೆ ಬಟನ್ನಿನ ಒದೆ ಅಂದರೆ ಪ್ಲೇಟು ಉಳಿಯುತ್ತದೆ, ಹಿಂದಿನ ಆಕ್ಸಲ್ ತುಂಡಾಗುತ್ತದೆ. ಅಷ್ಟು ಗೊತ್ತಿದ್ದೂ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಐದು ನಿಮಿಷ ನಿಂತಿದ್ದೆ. ಪ್ಲೇಟು ಸುಡದಿದ್ದರೆ ಸಾಕು, ನನ್ನ ಹೆಸರು ಉಳಿಯುತ್ತದೆ, ಆಕ್ಸಲ್ ಮುರಿದರೆ ಅದು ಬೇರೆ ಕಥೆ ಎಂಬ ಹೀನ ಯೋಚನೆ ಬಂದದ್ದು ನಿಜ. ಡಬ್ಬಿಯನ್ನು ಕೌಂಟರಿಗೆ ಕುಕ್ಕಿ ಹೊರಗೆ ಬಂದೆ.

ಪ್ಲೇಟನ್ನು ಬಲ ಮಾಡದಿದ್ದರೆ ಅಗಲ ಮಾಡಬೇಕು. ಹತ್ತು ಇಂಚಿನ ಫ್ಲೈವೀಲ್ ಸಿಕ್ಕರೆ ಹತ್ತು ಇಂಚಿನ ಪ್ಲೇಟ್ ಹಾಕಬಹುದು ಎಂದು ಹೊನ್ನಾಳಿಯಿಂದ ನ್ಯಾಮತಿಗೆ ಹೋದೆ. ಅಲ್ಲಿನ ಗುಜರಿಯವರ ಹತ್ತಿರ ಹಳೆಯ ಇಂಜಿನ್ನಿನ ರಾಶಿಯೇ ಇದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಎರಡು ತಾಸು ಅಗೆದು ಒಂದು ಹತ್ತು ಇಂಚಿನ ಫ್ಲೈವೀಲ್ ತೆಗೆದೆ. ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ ಬೋಲ್ಟ್ ತೂತಿನಿಂದ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಬಿರುಕು. ಇನ್ನೊಂದು ಸಿಕ್ಕಿತು, ಬಿರುಕಿರಲಿಲ್ಲ, ಅಳೆದರೆ ನನ್ನ ಬೆಲ್ ಹೌಸಿಂಗಿನೊಳಗೆ ಹೋಗುವಂತೆಯೇ ಇರಲಿಲ್ಲ. ಎಂಟು ವರ್ಷದ ಹಿಂದೆ ಆ ಹೌಸಿಂಗನ್ನು ಅಷ್ಟು ಬಿಗಿಯಾಗಿ ಮಾಡಿದವನೂ ನಾನೇ. ಫ್ಲೈವೀಲನ್ನು ರಾಶಿಯ ಮೇಲೆ ಎಸೆದೆ. ಗುಜರಿಯವರು ಓಡಿ ಬಂದರು.

"ಯಾಕ್ರಿ ಮೇಸ್ತ್ರಿ ನನ್ನ ಸಾಮಾನಿನ ಮ್ಯಾಲೆ ಸಿಟ್ಟು?"

ಕಥೆ ಹೇಳಿದೆ. ಅವರು ಕೇಳಿಸಿಕೊಂಡು, "ಇದೇ ಇಂಜಿನ್ನು, ಇದೇ ಜೀಪು ಜಗಳೂರಿನಾಗೆ ಒಬ್ಬ ಚಾಚಾ ಹತ್ರ ಐತೆ. ಕರೆಂಟ್ ತೆಗೆಯೋ ಗಾಳಿ ಫ್ಯಾನಿನ ಗುಡ್ಡಕ್ಕೆ ಕಬ್ಬಿಣ, ಸಿಮೆಂಟು ಹೊಡೀತಾರೆ. ಇಂಜಿನ್ ನಾನೇ ಕೊಟ್ಟಿದ್ದು. ಕ್ಲಚ್ ಕೇಳಾಕೆ ಒಂದ್ಸಲನೂ ಬಂದಿಲ್ಲ. ಅವರು ಯಾವ ಪ್ಲೇಟ್ ಹಾಕ್ಯಾರೆ ಕೇಳ್ರಿ," ಅಂದರು.

ಒಂದು ದಿನ ಬಿಟ್ಟು ಜಗಳೂರಿಗೆ ಹೋದೆ. ಚನ್ನಗಿರಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಒಂದು ಟೆಂಪೋ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ, ಆ ಚಾಚಾ ಹಾಕಿದ ಕಂಪನಿಯ ಹೆಸರು ಬರೆದುಕೊಂಡು ಬಂದು ಹೊನ್ನಾಳಿಯವರ ಮುಖಕ್ಕೆ ಹಿಡಿಯಬೇಕು. ಗುಡ್ಡದ ಬುಡದಲ್ಲಿ ಜೀಪು ನಿಂತಿತ್ತು. ಬಣ್ಣ ಬೇರೆ, ಉಳಿದದ್ದೆಲ್ಲ ಅದೇ. ಹಿಂದೆ ಸಿಮೆಂಟ್ ಚೀಲ ಹೇರಿ, ಮೇಲೆ ಕಬ್ಬಿಣದ ಆಂಗಲ್ ಕಟ್ಟಿದ್ದರು. ಅರವತ್ತು ದಾಟಿದ ಚಾಚಾ, ಬಿಳಿ ಗಡ್ಡ, ಕಿವಿಯಲ್ಲಿ ಬೀಡಿ.

"ಕ್ಲಚ್ ನೋಡಾಕೆ ಚನ್ನಗಿರಿಯಿಂದ ಬಂದ್ರಾ?" ಎಂದು ನಕ್ಕರು. "ಬರ್ರಿ, ಕುಂತ್ಕಳ್ರಿ. ಮ್ಯಾಲೆ ಹೋಗಿ ಬರಾಣ."

ಹತ್ತಿ ಕೂತೆ. ಕಲ್ಲು ಏಳುವ ಕಡಿದಾದ ದಾರಿ. ಏರು ಶುರುವಾಗುವ ಮೊದಲು ಚಾಚಾ ಗಾಡಿ ನಿಲ್ಲಿಸಿ, ಸೀಟಿನ ಪಕ್ಕದ ಒಂದು ಗಿಡ್ಡ ಲಿವರನ್ನು ಎಳೆದರು. ಮುಂದಿನ ಚಕ್ರ ಸೇರಿತು. ಆಮೇಲೆ ಅದರ ಪಕ್ಕದ ಇನ್ನೊಂದು ಲಿವರನ್ನು ಎಳೆದರು. ಗೇರ್ ಹಾಕಿ, ಪೆಡಲ್ ಪೂರ್ತಿ ಬಿಟ್ಟು, ಎರಡೂ ಕಾಲನ್ನು ನೆಲದ ಮೇಲೆ ಇಟ್ಟುಕೊಂಡು ಬೀಡಿ ಹಚ್ಚಿದರು. ಜೀಪು ಮನುಷ್ಯ ನಡೆಯುವ ವೇಗದಲ್ಲಿ, ಯಾವ ಒದ್ದಾಟವೂ ಇಲ್ಲದೆ, ಅಷ್ಟು ಭಾರ ಹೊತ್ತು ಗುಡ್ಡ ಹತ್ತತೊಡಗಿತು.

ನಾನು ಆ ಎರಡನೇ ಲಿವರನ್ನೇ ನೋಡುತ್ತಿದ್ದೆ.

"ಯಾವ ಕಂಪ್ನಿ ಪ್ಲೇಟ್ ಹಾಕೀರಿ ಚಾಚಾ?" ಎಂದು ಕೇಳಿದೆ.

"ಕಂಪ್ನಿ ಯಾರಿಗೆ ನೆನಪೈತೆ? ನಾಲ್ಕು ವರ್ಷ ಆತು ಹಾಕಿ. ಲೋ ಹಾಕಿದ್ರೆ ಚಕ್ರ ನಿಧಾನ, ಜೋರು ಜಾಸ್ತಿ, ಕ್ಲಚ್ಚಿಗೆ ಕೆಲ್ಸಾನೇ ಇಲ್ಲ. ಯಾಕೆ, ನಿಮ್ಮ ಗಾಡಿಗೆ ಲೋ ಲಿವರ್ ಇಲ್ವಾ?"

"ಇಲ್ಲ."

"ಯಾವ ಗಧಾ ಕಿತ್ತಾಕಿದ್ದು ಅದನ್ನ?"

ನಾನು ಗುಡ್ಡ ನೋಡಿದೆ. ಆ ಕತ್ತೆ ಯಾರು ಅಂತ ಚಾಚಾರಿಗೆ ಹೇಳಲಿಲ್ಲ.

ನಮ್ಮ ಕಡೆಯ ಪದ್ಧತಿ ಅದು. ಜೀಪಿಗೆ ಡೀಸೆಲ್ ಇಂಜಿನ್ ಹಾಕುವಾಗ ಲೋ ಲಿವರನ್ನು ಕತ್ತರಿಸಿ ಬಿಸಾಕುವುದು. ರಸ್ತೆಗಷ್ಟೇ ಓಡಿಸುವ ಮಾಲೀಕರು ತಾವೇ ಕೇಳಿಕೊಳ್ಳುತ್ತಿದ್ದರು. ಯಾರೋ ಡ್ರೈವರ್ ತಿಳಿಯದೆ ಲೋದಲ್ಲಿಟ್ಟು ರಸ್ತೆಗೆ ಹೊಡೆದು ಗೇರ್ ಪುಡಿ ಮಾಡಿರುತ್ತಾನೆ, ಅದಕ್ಕೆ ಒಂದೇ ಲಿವರ್ ಸಾಕು ಮೇಸ್ತ್ರಿ, ತಲೆನೋವು ಬೇಡ ಅನ್ನುತ್ತಿದ್ದರು. ನಲ್ಲೂರಿನ ಕಂಟ್ರಾಕ್ಟರರೂ ಅದನ್ನೇ ಹೇಳಿದ್ದರು. ನನಗೂ ಅನುಕೂಲ, ಹೊಸ ಇಂಜಿನ್ ಕೂತ ಮೇಲೆ ಆ ಲಿವರ್ ಸೀಟಿನ ಚೌಕಟ್ಟಿಗೆ ತಾಗುತ್ತಿತ್ತು. ಹ್ಯಾಕ್ಸಾದಲ್ಲಿ ಕೊಯ್ದು, ಒಳಗಿನ ರಾಡು ಅಲ್ಲಾಡದಂತೆ ಒಂದು ಪಟ್ಟಿ ಹೊಡೆದು ವೆಲ್ಡ್ ಮಾಡಿ, ಫ್ಲೋರಿನ ತೂತನ್ನು ತಗಡಿನಿಂದ ಮುಚ್ಚಿದ್ದೆ. ಒಂದು ತಾಸಿನ ಕೆಲಸ, ಅವತ್ತೇ ಮರೆತುಬಿಟ್ಟೆ. ಆ ಗಾಡಿ ಕೈಯಿಂದ ಕೈಗೆ ಹೋಗಿ ಕೆರೆಗೆ ಇಳಿಯಿತು. ಇಳಿದವರಿಗೆ ಅಲ್ಲೊಂದು ಲಿವರ್ ಇತ್ತು ಎಂಬುದೇ ಗೊತ್ತಿಲ್ಲ. ಆ ಹೆಂಗಸು ಮೊದಲನೇ ಗೇರಿನ ಅಷ್ಟು ವೇಗದಲ್ಲಿ, ಅಷ್ಟು ಹೇರಿನೊಂದಿಗೆ ಕೆಸರಿನಿಂದ ಹೊರಡಬೇಕು. ಪೆಡಲನ್ನು ಜಾರಿಸಿ ಜಾರಿಸಿ ಬಿಡದೆ ಇನ್ನೇನು ಮಾಡಬೇಕಿತ್ತು? ಇಂಜಿನ್ ಆಫ್ ಆಗುತ್ತದೆ, ಇಲ್ಲವೇ ಚಕ್ರ ತಿರುಗಿ ಹೂತುಹೋಗುತ್ತದೆ. ನಾನು ಅಲ್ಲಿ ಕೂತರೂ ಅದನ್ನೇ ಮಾಡುತ್ತಿದ್ದೆ.

ಹಿಂದಿರುಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಏನೋ ಕೇಳಿದರು, ಅವರ ಮೇಲೆ ರೇಗಿದೆ. ಕಂಡಕ್ಟರ್ ಮೇಲೆ ರೇಗಿದೆ. ಸಿಟ್ಟಿಗೆ ಬೇರೆ ಯಾವ ದಾರಿಯೂ ಉಳಿದಿರಲಿಲ್ಲ. ಹಾಗೆ ರೇಗುತ್ತಲೇ ತಲೆಯಲ್ಲಿ ಇನ್ನೊಂದು ಲೆಕ್ಕವೂ ಓಡುತ್ತಿತ್ತು. ಸುಮ್ಮನೆ ಹೊಸ ಲಿವರ್ ಕೂರಿಸಿ, ಮೇಸ್ತ್ರಿ ಹೊಸ ಐಡಿಯಾ ಮಾಡಿದಾನೆ ನೋಡ್ರಿ ಅಂತ ಹೇಳಿದರೆ ಯಾರಿಗೆ ಏನು ಗೊತ್ತಾಗುತ್ತದೆ? ಗಾಡಿ ಓಡುತ್ತದೆ, ನನ್ನ ಹೆಸರು ಇನ್ನೂ ಎತ್ತರವಾಗುತ್ತದೆ. ಯಜಮಾನರ ತಂಗಿ ಮಗ ಓಡಿಸುತ್ತಾನೆ, ಪ್ಲೇಟು ಸುಡುವುದಿಲ್ಲ. ನೋಡಿದ್ರಾ, ಡ್ರೈವರ್ ಬದಲಾದ ಕೂಡಲೇ ಸರಿ ಹೋಯ್ತು ಅನ್ನುತ್ತಾರೆ. ಆ ಹೆಂಗಸು ಸಾಯುವತನಕ ಹಾಫ್ ಕ್ಲಚ್ಚಿನವಳಾಗಿಯೇ ಉಳಿಯುತ್ತಾಳೆ.

ಬೆಳಿಗ್ಗೆ ಗಾಡಿಯ ಕೆಳಗೆ ಮಲಗಿ, ಆ ಲಿವರ್ ಸೇರುತ್ತಿದ್ದ ಟ್ರಾನ್ಸ್‌ಫರ್ ಬಾಕ್ಸಿನ ಮೇಲೆ ಮೆತ್ತಿದ್ದ ಗ್ರೀಸು, ಕೆರೆಯ ಕರಿಮಣ್ಣು ಕೆರೆದೆ. ಮೂರು ಸಲ ಗೇರ್ ಬಾಕ್ಸಿನ ಜೊತೆಗೇ ಅದನ್ನು ಹಿಂದಕ್ಕೆ ಸರಿಸಿದ್ದೆ, ಒಂದು ಸಲವೂ ಒರೆಸಿರಲಿಲ್ಲ. ಪಟ್ಟಿ ಅಲ್ಲೇ ಇತ್ತು. ಎರಡು ಕಡೆ ವೆಲ್ಡಿಂಗಿನ ಟಾಕಾ, ನನ್ನದೇ ಕೈ. ಗ್ರೈಂಡರ್ ಹಚ್ಚಿ ಕಿತ್ತೆ. ರಾಡು ಎಂಟು ವರ್ಷ ಕದಲದೆ ಹಿಡಿದುಕೊಂಡಿತ್ತು, ಡೀಸೆಲ್ಲಿನಲ್ಲಿ ನೆನೆಸಿ ಒಂದು ದಿನ ಕಾಯಬೇಕಾಯಿತು. ಒಳಗಿನ ಗುಂಡು, ಸ್ಪ್ರಿಂಗು, ಎಣ್ಣೆ ಸೀಲು ಬದಲಿಸಿದೆ. ಲಿವರಿಗೆ ಮತ್ತೆ ನ್ಯಾಮತಿಯ ಗುಜರಿ. ಸಿಕ್ಕಿದ್ದನ್ನು ಕುಲುಮೆಯಲ್ಲಿ ಕಾಯಿಸಿ, ಸೀಟಿನ ಚೌಕಟ್ಟು ತಪ್ಪಿಸಿ ಹೋಗುವಂತೆ ಬಗ್ಗಿಸಿದೆ. ಎಂಟು ವರ್ಷದ ಹಿಂದೆಯೇ ಮಾಡಬಹುದಾಗಿದ್ದ ಕೆಲಸ, ಸೋಮಾರಿತನಕ್ಕೆ ಮಾಡಿರಲಿಲ್ಲ. ಫ್ಲೈವೀಲಿನ ಗೀರನ್ನು ಲೇತ್‌ನಲ್ಲಿ ತೆಗೆಸಿ, ಕವರು ಕೂರುವ ಅದರ ಅಂಚಿನ ಮೆಟ್ಟಿಲನ್ನೂ ಅಷ್ಟೇ ತಗ್ಗಿಸಿದೆ, ಇಲ್ಲದಿದ್ದರೆ ಪ್ರೆಶರ್ ಸಡಿಲವಾಗುತ್ತದೆ.

ಅಷ್ಟರಲ್ಲಿ ಯಜಮಾನರ ಫೋನು. ಹೊನ್ನಾಳಿಯಲ್ಲಿ ಯಾರೋ ಅವರ ಕಿವಿಗೆ ಹಾಕಿದ್ದರು. "ಬಟನ್ ಪ್ಲೇಟ್ ಅಂತ ಬರ್ತೈತಂತಲ್ಲ, ಗಟ್ಟಿದು. ಅದನ್ನೇ ಹಾಕಿಬಿಡ್ರಿ."

"ಹಾಕಲ್ಲ," ಅಂದೆ.

"ಯಾಕೆ?"

"ಮೊದಲು ಹಾಕಿದ್ದೇ ಸರಿ ಇತ್ತು. ಅದನ್ನೇ ಹಾಕ್ತೀನಿ. ಉಳಿದಿದ್ದು ಕೆರೆ ಹತ್ರ ಬಂದು ಹೇಳ್ತೀನಿ."

ಅದೇ ಹೊನ್ನಾಳಿಯ ಅಂಗಡಿಯಿಂದ, ಅದೇ ಒಂಬತ್ತು ಇಂಚಿನ, ಹತ್ತು ಹಲ್ಲಿನ ಸಾದಾ ಪ್ಲೇಟು ತರಿಸಿದೆ. ಇಷ್ಟು ಊರು ತಿರುಗಿ ಆರಿಸಿದ್ದು ಕೊನೆಗೂ ಬೈದು ಬಂದ ಮಾಲನ್ನೇ.

ಜೀಪನ್ನು ನಾನೇ ಓಡಿಸಿಕೊಂಡು ಕೆರೆಗೆ ಹೋದೆ. ದಡದಲ್ಲಿ ಅವತ್ತಿನ ಮೀನು ಆಗಲೇ ಕ್ರೇಟಿಗೆ ಬಿದ್ದಿತ್ತು. ಯಜಮಾನರು ಇದ್ದರು, ಅವರ ತಂಗಿ ಮಗ ಕಪ್ಪು ಕನ್ನಡಕ ಹಾಕಿಕೊಂಡು ಸಿದ್ಧನಾಗಿ ನಿಂತಿದ್ದ, ಹತ್ತು ಹನ್ನೆರಡು ಗಂಡಸರು ಹೆಂಗಸರು ಇದ್ದರು. ಆಕೆ ಸೀರೆ ಎತ್ತಿ ಕಟ್ಟಿ ಕ್ರೇಟಿಗೆ ಐಸ್ ಸುರಿಯುತ್ತಿದ್ದಳು. ತಂಗಿ ಮಗ ಕೀಗೆ ಕೈ ಚಾಚಿದ. ಕೊಡಲಿಲ್ಲ.

"ಎಲ್ರೂ ಕೇಳ್ರಿ," ಅಂದೆ. ದನಿ ಬೇಕಿದ್ದಕ್ಕಿಂತ ಜೋರಾಯಿತು, ನನಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ. "ಈ ಗಾಡಿಗೆ ಇನ್ನೊಂದು ಲಿವರ್ ಇತ್ತು. ಎಂಟು ವರ್ಷದ ಹಿಂದೆ ನಾನೇ ಕೊಯ್ದು ಬಿಸಾಕಿದ್ದೆ. ಅದಿಲ್ದೆ ಈ ಕೆಸರಿನಾಗೆ ಯಾರು ಓಡಿಸಿದ್ರೂ ಕ್ಲಚ್ ಸುಡ್ತೈತೆ. ಎರಡು ಪ್ಲೇಟ್ ಸುಟ್ಟಿದ್ದು ನಾನು. ಈ ಹೆಣ್ಮಗಳ ತಪ್ಪು ಅಂತ ಹೇಳಿದ್ನಲ್ಲ, ಅದು ಸುಳ್ಳು. ಗೇರ್ ಬಾಕ್ಸ್ ಬಿಚ್ಚೋಕೆ ಮೊದಲೇ ಹೇಳಿದ ಸುಳ್ಳು."

ಯಜಮಾನರು ಹೆಗಲ ಟವೆಲ್ ಸರಿ ಮಾಡಿಕೊಂಡು, "ಹೋಗ್ಲಿ ಬಿಡ್ರಿ ಮೇಸ್ತ್ರಿ. ಈಗ ಸರಿ ಆತಲ್ಲ. ನಮ್ಮ ಹುಡುಗನಿಗೆ ತೋರ್ಸಿಕೊಡ್ರಿ, ಅವನು ಓಡಸ್ತಾನೆ," ಅಂದರು.

ಅಷ್ಟು ದಿನದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. "ನನ್ನ ಮಾತು ಕೇಳಿ ಆಕೇನ ಇಳಿಸಿದ್ರಿ. ಈಗ ಅದೇ ನನ್ನ ಮಾತು ಕೇಳಿ ಹತ್ತಿಸ್ರಿ! ನಾನು ಸುಳ್ಳು ಹೇಳಿದಾಗ ಮೇಸ್ತ್ರಿ ಮಾತು ಅಂದ್ರಿ, ನಿಜ ಹೇಳಿದ್ರೆ ಹೋಗ್ಲಿ ಬಿಡ್ರಿ ಅಂತೀರಲ್ಲ!"

ಗುಂಪಿನಲ್ಲಿದ್ದ ಒಬ್ಬ ಮುದುಕಿ, ಬಲೆ ಬಿಡಿಸುತ್ತಿದ್ದ ಕೈ ನಿಲ್ಲಿಸದೆ, "ಕೀ ಅವಳಿಗೆ ಕೊಡ್ರೋ. ಐಸ್ ಕರಗಾಕೆ ಹತ್ತೈತೆ," ಅಂದಳು. ಯಜಮಾನರು ನೀರಿನ ಕಡೆ ಮುಖ ಮಾಡಿದರು. ಬೇಡ ಅನ್ನಲಿಲ್ಲ.

ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೀ ತೆಗೆದುಕೊಂಡಳು. ನಾನು ಕ್ಷಮಿಸು ತಂಗಿ ಅನ್ನುವುದಕ್ಕೆ ಬಾಯಿ ತೆರೆದೆ. ಆಕೆ ಅದಕ್ಕೆ ಅವಕಾಶ ಕೊಡಲಿಲ್ಲ.

"ಯಾವ ಕಡೆ ಎಳೀಬೇಕು?"

ತೋರಿಸಿದೆ. ಮೊದಲು ಇದು, ಆಮೇಲೆ ಇದು, ರಸ್ತೆ ಮುಟ್ಟಿದ ಕೂಡಲೇ ಎರಡನ್ನೂ ವಾಪಸ್. ಒಂದೇ ಸಲಕ್ಕೆ ಕಲಿತಳು. ಹದಿನಾಲ್ಕು ಕ್ರೇಟು ಹೇರಿಕೊಂಡ ಜೀಪು ಕೆಸರಿನಲ್ಲಿ ಒಂದಿಷ್ಟೂ ಕೂಗಾಡದೆ, ಎತ್ತು ನಡೆದಂತೆ ನಡೆದು ಕೆರೆ ಏರಿ ಹತ್ತಿತು. ದಡದ ಮೇಲೆ ನಿಂತವರು ಗಾಡಿ ನೋಡಿದರು. ನಾನು ಮೂಗಿನಿಂದ ಗಾಳಿ ಎಳೆದುಕೊಂಡೆ. ಬರಿಯ ಮೀನಿನ ವಾಸನೆ, ಡೀಸೆಲ್ ವಾಸನೆ. ಆಕೆ ಮೇಲೆ ಹೋಗಿ, ಲಿವರ್ ಎರಡನ್ನೂ ಹಿಂದಕ್ಕೆ ಹಾಕಿ, ತಿರುಗಿ ನೋಡದೆ ಪೇಟೆ ದಾರಿ ಹಿಡಿದಳು.

ಆಮೇಲೆ ನಾನು ಲಿವರ್ ಕೊಯ್ದ ಬೇರೆ ಗಾಡಿಗಳ ನೆನಪು ಮಾಡಿಕೊಂಡು ಮಾಲೀಕರಿಗೆ ಫೋನ್ ಮಾಡಿದೆ. ಏಳು ಜನ ಸಿಕ್ಕರು. ತನ್ನಿ, ಪುಕ್ಕಟೆ ಹಾಕಿಕೊಡುತ್ತೇನೆ ಅಂದೆ. ಸವಳಂಗದವರೊಬ್ಬರು ತಂದರು. ಉಳಿದವರು, ಹಂಗೇ ಇರ್ಲಿ ಮೇಸ್ತ್ರಿ, ಒಂದೇ ಲಿವರಿನಾಗೆ ಆರಾಮಾಗಿದೀವಿ ಅಂದರು. ಅವರ ಮೇಲೂ ಸಿಟ್ಟು ಬಂತು, ಆದರೆ ಆ ಆರಾಮು ಕಲಿಸಿದವನು ನಾನೇ.

ಮಳೆಗಾಲ ಕಳೆಯಿತು. ಕೆರೆ ಜೀಪು ಸರ್ವಿಸಿಗೆ ಬರುವ ಸಮಯವಾಯಿತು, ಬರಲಿಲ್ಲ. ಇನ್ನೊಂದು ತಿಂಗಳು ಕಾದೆ. ಒಂದು ದಿನ ಚನ್ನಗಿರಿಯ ಪೆಟ್ರೋಲ್ ಬಂಕಿನಲ್ಲಿ ಆಕೆ ಡೀಸೆಲ್ ಹಾಕಿಸುತ್ತಿದ್ದಳು. ಹತ್ತಿರ ಹೋಗಿ ಕ್ಲಚ್ ಹೇಗಿದೆ ಅಂತ ಕೇಳಿದೆ.

"ಚೆನ್ನಾಗೈತೆ ಮೇಸ್ತ್ರಿ. ಏನೂ ತೊಂದ್ರೆ ಇಲ್ಲ."

"ಸರ್ವಿಸಿಗೆ ಬರಲೇ ಇಲ್ಲ?"

"ಹೊನ್ನಾಳಿಯಾಗೆ ಮಾಡಿಸ್ದೆ."

"ಹೊನ್ನಾಳಿ?" ನನ್ನ ದನಿ ಏರಿತು. "ಅಷ್ಟು ದೂರ? ಈ ಗಾಡೀನ ನನಗಿಂತ ಚೆನ್ನಾಗಿ ಬಲ್ಲೋರು ಯಾರದಾರೆ ಅಲ್ಲಿ? ನಾನು ಎಲ್ರ ಮುಂದೆ ತಪ್ಪು ಒಪ್ಕೊಂಡಿಲ್ವಾ?"

ಆಕೆ ಟ್ಯಾಂಕಿನ ಮುಚ್ಚಳ ತಿರುವಿ ಬಿಗಿ ಮಾಡಿದಳು. ನನ್ನ ಹಾಗೆ ಕೂಗಲಿಲ್ಲ.

"ಒಪ್ಕೊಂಡ್ರಿ. ಅದಕ್ಕೆ ಸ್ಟೇರಿಂಗ್ ವಾಪಸ್ ಬಂತು, ಮರೆತಿಲ್ಲ. ಆದ್ರೆ ನಿಮ್ಮ ಮಾತಿಗೆ ಹೋಯ್ತು, ನಿಮ್ಮ ಮಾತಿಗೇ ಬಂತು. ನಡುವೆ ನಾನು ಹೇಳಿದ್ದು ಯಾರಿಗೂ ಕೇಳಿಸ್ಲಿಲ್ಲ. ಹೊನ್ನಾಳಿ ಮೇಸ್ತ್ರಿಗೆ ಈ ಗಾಡಿ ಬಗ್ಗೆ ಏನೂ ಗೊತ್ತಿಲ್ಲ. ಅದಕ್ಕೆ ಅವನು ನನ್ನ ಕೇಳ್ತಾನೆ."

ಗಾಡಿ ಹತ್ತಿ ಸ್ಟಾರ್ಟ್ ಮಾಡಿದಳು. ಹಿಂದೆ ನಿಂತಿದ್ದ ಲಾರಿಯವನು ಹಾರನ್ ಹೊಡೆದ, ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.